ತಾರೆಗಳಾಚೆ ನಮ್ಮ ಸೋದರರೇ?

ವಿಶ್ವದಲ್ಲಿ ಮಾನವನಲ್ಲದೆ ಬುದ್ಧಿಯುಳ್ಳ ಅನ್ಯ ಜೀವಿಗಳಿರುವರೇ? ಇದ್ದರೆ ನಮ್ಮ ವಿಶ್ವಾಸಕ್ಕೆ ಧಕ್ಕೆಯಾದೀತೇ?

ಧರ್ಮಸಭೆಗೆ ಈ ಪ್ರಶ್ನೆ ಹೊಸದಲ್ಲ. ಹಲವು ಲೋಕಗಳ ಸೃಷ್ಟಿ ದೇವರಿಗೂ ಅಸಾಧ್ಯವೆಂಬ ವಾದವನ್ನು ಪ್ಯಾರಿಸ್ಸಿನ ಧರ್ಮಾಧ್ಯಕ್ಷರು 1277ರಲ್ಲೇ ಖಂಡಿಸಿದ್ದರು. ಮುಂದೆ ಕಾರ್ಡಿನಲರಾದ ಕೂಸಾದ ನಿಕೊಲಾಸರು 1440ರ ತಮ್ಮ ಗ್ರಂಥದಲ್ಲಿ ಅನ್ಯ ತಾರೆಗಳಲ್ಲೂ ನಿವಾಸಿಗಳಿರಬಹುದೆಂದು ಊಹಿಸಿದರು. ಅವರ ಸ್ವರೂಪ ನಮಗೆ ಅಗೋಚರವೆಂದೂ ಒಪ್ಪಿದರು.

1995ರಲ್ಲಿ ಮೇಯರ್ ಮತ್ತು ಕೆಲೋ ಎಂಬ ವಿಜ್ಞಾನಿಗಳು ಸೂರ್ಯನಂಥ ತಾರೆಯೊಂದನ್ನು ಸುತ್ತುವ ಗ್ರಹವನ್ನು ಪತ್ತೆಹಚ್ಚಿದರು. ಅನಂತರ 5,000ಕ್ಕೂ ಹೆಚ್ಚು ಅಂಥ ಗ್ರಹಗಳು ದೃಢಪಟ್ಟಿವೆ. ಒಂದರಲ್ಲಿಯೂ ಜೀವದ ಖಚಿತ ಕುರುಹು ದೊರೆತಿಲ್ಲ. ಸೂರ್ಯನನ್ನುಳಿದು ಅತಿ ಸಮೀಪದ ತಾರೆಯ ಬೆಳಕೇ ನಮ್ಮನ್ನು ತಲಪಲು 4 ವರ್ಷಕ್ಕೂ ಹೆಚ್ಚು ಬೇಕು. ‘ಇದೆ’ ಎನ್ನಲೂ ‘ಇಲ್ಲ’ ಎನ್ನಲೂ ನಮ್ಮ ಅರಿವು ಸಾಲದು.

ಅಂಥ ಜೀವಿಗಳಿದ್ದರೆ ಅವರೂ ಸೃಷ್ಟಿಯಲ್ಲಿ ನಮ್ಮ ಸೋದರರೆಂದು ವ್ಯಾಟಿಕನ್ ವೀಕ್ಷಣಾಲಯದ ಅಂದಿನ ನಿರ್ದೇಶಕ, ಯೇಸುಸಭೆಯ ವಂ. ಫ್ಯೂನೆಸ್ 2008ರಲ್ಲಿ ನುಡಿದರು. ಆದರೆ ಆದಿಪಾಪ ಅವರಿಗೂ ಉಂಟೇ? ಕಲ್ವಾರಿಯ ಬಲಿ ಅವರಿಗೂ ಸಲ್ಲುವುದೇ? ಧರ್ಮಸಭೆ ಈ ಕುರಿತು ವಿಧ್ಯುಕ್ತ ತೀರ್ಪು ನೀಡಿಲ್ಲ.

ಮಕ್ಕಳು ಹೀಗೆ ಕೇಳಿದಾಗ ಹೆತ್ತವರು ಗದರಿಸದಿರಲಿ. ‘ನಮಗೆ ತಿಳಿಯದು, ದೇವರು ಬಲ್ಲರು, ನೀನು ಓದಿ ಹುಡುಕು’ ಎಂಬ ಉತ್ತರಕ್ಕೆ ನಾಚಬೇಕಾಗಿಲ್ಲ. ಸೃಷ್ಟಿಯನ್ನು ಅರಿಯಲು ಹೊರಟವನು ಸೃಷ್ಟಿಕರ್ತನಿಂದ ದೂರ ಸರಿಯುವನೆಂಬ ಭಯ ನಮಗೇಕೆ?