ಪರದೆಯ ಮೇಲೆ ಕನ್ನಡ

ನುಡಿದ ಮಾತು ಗಾಳಿಯಲ್ಲಿ ಕರಗಿಹೋಗದಂತೆ ಉಳಿಸಿಕೊಳ್ಳಲು ಮಾನವನು ಕಾಲಕಾಲಕ್ಕೆ ಹೊಸ ಸಾಧನಗಳನ್ನು ಕಂಡುಕೊಂಡಿದ್ದಾನೆ. ಹಲ್ಮಿಡಿಯ ಶಾಸನವನ್ನು ಕಂಡರಿಸಿದವನಿಗೆ ಕಲ್ಲು ಮತ್ತು ಉಳಿ ಸಾಕಾದವು. ತಾಳೆಗರಿಯ ಮೇಲೆ ಬರೆದವನಿಗೆ ಕಂಟ ಬೇಕಾಯಿತು. ಮುದ್ರಣಾಲಯಕ್ಕೆ ಸೀಸದ ಅಚ್ಚುಮೊಳೆಗಳು ಬಂದವು. ಇಂದು ಅದೇ ಕನ್ನಡವು ಗಣಕಯಂತ್ರದ ಪರದೆಯ ಮೇಲೆ ಬೆಳಕಿನ ಚುಕ್ಕೆಗಳಾಗಿ ಮೂಡುತ್ತಿದೆ. ಆದರೆ ಈ ಹೊಸ ಸಾಧನಕ್ಕೂ ಹಳೆಯವುಗಳಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಕಲ್ಲಿನ ಮೇಲಿನ ಅಕ್ಷರವನ್ನು ಓದಲು ಕಣ್ಣು ಮತ್ತು ಲಿಪಿಜ್ಞಾನ ಇದ್ದರೆ ಸಾಕು. ಪರದೆಯ ಮೇಲಿನ ಅಕ್ಷರವನ್ನು ಮೊದಲು ಯಂತ್ರವು ಓದಬೇಕು. ಅನಂತರವೇ ಅದು ಮನುಷ್ಯನಿಗೆ ಕಾಣಿಸುತ್ತದೆ. ಯಂತ್ರವು ತಪ್ಪಾಗಿ ಓದಿದರೆ ಓದುಗನಿಗೆ ದೊರೆಯುವುದು ಅರ್ಥವಿಲ್ಲದ ಗುರುತುಗಳು ಮಾತ್ರ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಸಮೀಪವಾಗಿ, ನಂದಿನಿ ಲೇಔಟ್ ಎಂಬ ಬಡಾವಣೆಯಿದೆ. ಇಂತಹ ಬಡಾವಣೆಗಳ ಮಧ್ಯಮ ವರ್ಗದ ಮನೆಗಳಲ್ಲಿ ಹಿಂದೆಂದೋ ಕೊಂಡ ಗಣಕಯಂತ್ರವೊಂದು ಮೂಲೆಯ ಮೇಜಿನ ಮೇಲೆ ಬಟ್ಟೆ ಹೊದ್ದು ಕುಳಿತಿರುವುದು ಅಪರೂಪವಲ್ಲ. 2020ರಲ್ಲಿ ಕೊರೋನಾ ಸಾಂಕ್ರಾಮಿಕದಿಂದಾಗಿ ಶಾಲೆಗಳು ಮುಚ್ಚಿ ಪಾಠಗಳು ಅಂತರಜಾಲದ ಮೂಲಕ ನಡೆಯತೊಡಗಿದಾಗ ಇಂತಹ ಹಳೆಯ ಯಂತ್ರಗಳಿಗೂ ಬೇಡಿಕೆ ಬಂದಿತು. ಪರೀಕ್ಷೆಯ ಫಲಿತಾಂಶ, ಊರಿನ ಹೊಲದ ಪಹಣಿ, ದಿನಪತ್ರಿಕೆ ಮುಂತಾದ ಅನೇಕ ಸಂಗತಿಗಳು ಈಗ ಜಾಲಪುಟಗಳ ಮೂಲಕವೇ ದೊರೆಯುತ್ತವೆ. ಹೀಗಿರಲು, ಹಳೆಯ ಯಂತ್ರದಲ್ಲಿ ಕನ್ನಡದ ಪುಟ ತೆರೆದಾಗ ಸಾಲುಸಾಲು ಚೌಕಗಳು ಕಂಡರೆ ಮನೆಯವರು ‘ಯಂತ್ರ ಕೆಟ್ಟಿತು’ ಎಂದು ಭಾವಿಸಿ ಅದನ್ನು ಗುಜರಿಗೆ ಹಾಕಲು ಮುಂದಾಗುತ್ತಾರೆ. ಅನೇಕ ವೇಳೆ ಯಂತ್ರ ಕೆಟ್ಟಿರುವುದೇ ಇಲ್ಲ. ಅಕ್ಷರವನ್ನು ಕಳುಹಿಸಿದವನಿಗೂ ಪಡೆದವನಿಗೂ ನಡುವೆ ಇರಬೇಕಾದ ಒಪ್ಪಂದ ತಪ್ಪಿರುತ್ತದೆ, ಅಷ್ಟೇ. ಈ ಒಪ್ಪಂದದ ಸ್ವರೂಪವನ್ನು ತಿಳಿದವನಿಗೆ ದೋಷದ ಮೂಲವನ್ನು ಹುಡುಕುವುದು ಕಷ್ಟವಲ್ಲ.

ಗಣಕಯಂತ್ರಕ್ಕೆ ಅಕ್ಷರಗಳು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆಗಳು ಮಾತ್ರ. ಆದುದರಿಂದ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಪಡಿಸಬೇಕಾಗುತ್ತದೆ. ಇದನ್ನೇ ಸಂಕೇತ ಪದ್ಧತಿ ಎನ್ನುತ್ತಾರೆ. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಎಂಬ ಪದ್ಧತಿಯಲ್ಲಿ ಇದ್ದುದು 128 ಸ್ಥಾನಗಳು. ಇಂಗ್ಲಿಷಿನ ದೊಡ್ಡ ಮತ್ತು ಸಣ್ಣ ಅಕ್ಷರಗಳು ಸೇರಿ 52. ಅಂಕಿಗಳನ್ನೂ ಲೇಖನಚಿಹ್ನೆಗಳನ್ನೂ ಸೇರಿಸಿದರೂ ಅಷ್ಟು ಸ್ಥಾನ ಧಾರಾಳವಾಗಿ ಸಾಕು. ಅನಂತರ ಒಂದು ಬೈಟಿನಲ್ಲಿ ಹಿಡಿಯುವ 256 ಸ್ಥಾನಗಳೂ ಬಳಕೆಗೆ ಬಂದವು; ಹೆಚ್ಚಿನ ಸ್ಥಾನಗಳನ್ನು ಯುರೋಪಿನ ಇತರ ಭಾಷೆಗಳ ಅಕ್ಷರಗಳು ತುಂಬಿದವು.

ಕನ್ನಡದ ಸ್ಥಿತಿ ಬೇರೆ. ನಮ್ಮ ವರ್ಣಮಾಲೆಯ ಅಕ್ಷರಗಳು 49 ಮಾತ್ರ. ಆದರೆ ಬರೆಯುವಾಗ ವ್ಯಂಜನಕ್ಕೆ ಸ್ವರ ಸೇರಿ ಗುಣಿತಾಕ್ಷರವಾಗುತ್ತದೆ. ವ್ಯಂಜನಕ್ಕೆ ವ್ಯಂಜನ ಸೇರಿ ಒತ್ತಕ್ಷರವಾಗುತ್ತದೆ. 34 ವ್ಯಂಜನಗಳಲ್ಲಿ ಎರಡೆರಡನ್ನು ಸೇರಿಸಿದರೆ 1,156 ಜೋಡಿಗಳಾಗುತ್ತವೆ. ಅವುಗಳಿಗೆ 13 ಸ್ವರಗಳನ್ನು ಹಚ್ಚಿದರೆ ಲೆಕ್ಕವು 15,028ಕ್ಕೆ ಏರುತ್ತದೆ. ಇವೆಲ್ಲವೂ ಬಳಕೆಯಲ್ಲಿಲ್ಲ, ನಿಜ. ಆದರೂ 256 ಮನೆಗಳ ಊರಿನಲ್ಲಿ ಇಷ್ಟು ಜನರಿಗೆ ವಸತಿ ಒದಗಿಸುವುದು ಹೇಗೆ?

ಆರಂಭದ ಕನ್ನಡ ತಂತ್ರಜ್ಞರು ಇದಕ್ಕೆ ಒಂದು ಜಾಣ ಉಪಾಯವನ್ನು ಹೂಡಿದರು. ಇಡೀ ಅಕ್ಷರಗಳಿಗೆ ಸ್ಥಾನ ಕೊಡುವ ಬದಲು ಅಕ್ಷರದ ತುಂಡುಗಳಿಗೆ ಸ್ಥಾನ ಕೊಟ್ಟರು. ತಲೆಕಟ್ಟು ಒಂದು ತುಂಡು, ತಲೆಕಟ್ಟಿಲ್ಲದ ಅಕ್ಷರದ ಒಡಲು ಮತ್ತೊಂದು ತುಂಡು, ಒತ್ತು ಇನ್ನೊಂದು. ಇವುಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದರು. ಹೀಗೆ ತಯಾರಾದ ಅಕ್ಷರರೂಪಗಳ ಕಟ್ಟಿಗೆ ಫಾಂಟ್ ಎಂದು ಹೆಸರು. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ ಮತ್ತು ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಸಾವಿರಾರು ಮಂದಿಗೆ ಗಣಕದಲ್ಲಿ ಕನ್ನಡ ಬರೆಯುವ ಅವಕಾಶವನ್ನು ಕಲ್ಪಿಸಿದವು. ಕೆ. ಪಿ. ರಾವ್ ಅವರು ರೂಪಿಸಿದ, ಧ್ವನಿಯನ್ನು ಅನುಸರಿಸುವ ಕೀಲಿಮಣೆಯ ವಿನ್ಯಾಸ ಈ ಕೆಲಸಕ್ಕೆ ದೊಡ್ಡ ಊರುಗೋಲಾಯಿತು. ಇವರೆಲ್ಲರ ಶ್ರಮವನ್ನು ಕನ್ನಡಿಗರು ಮರೆಯಲಾಗದು.

ಆದರೆ ಈ ಉಪಾಯದಲ್ಲಿ ಒಂದು ತೊಡಕು ಅಡಗಿತ್ತು. ಬರೆದವನ ಯಂತ್ರದಲ್ಲಿರುವ ಫಾಂಟೇ ಓದುವವನ ಯಂತ್ರದಲ್ಲಿಯೂ ಇರಬೇಕಾಗಿತ್ತು. ಇಲ್ಲದಿದ್ದರೆ ವೇಷ ಕಳಚಿ ಒಳಗಿನ ಯುರೋಪಿನ ಗುರುತುಗಳು ಹೊರಬೀಳುತ್ತಿದ್ದವು. ನುಡಿಯ ಹಳೆಯ ಪದ್ಧತಿಯಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನೇ ನೋಡಬಹುದು. ಫಾಂಟ್ ಇಲ್ಲದ ಯಂತ್ರದಲ್ಲಿ ಇದು ಏಳು ಗುರುತುಗಳಾಗಿ ಕಾಣುತ್ತದೆ: ಇಂಗ್ಲಿಷಿನ ದೊಡ್ಡ ‘ಪಿ’, ನೆತ್ತಿಯ ಮೇಲೆ ಗೀರುಳ್ಳ ದೊಡ್ಡ ‘ಎ’, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಗೀರುಳ್ಳ ‘ಎ’, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ‘ಕ್ಯೂ’, ಕೊನೆಗೆ ಮತ್ತೊಮ್ಮೆ ಗೀರುಳ್ಳ ‘ಎ’. ‘ಪಿ’ ಎಂಬುದು ಕಕಾರದ ಒಡಲು. ಪೌಂಡಿನ ಚಿಹ್ನೆ ನಕಾರದ ಒಡಲು. ಜರ್ಮನ್ ಅಕ್ಷರವು ನಕಾರದ ಒತ್ತು. ‘ಕ್ಯೂ’ ಡಕಾರದ ಒಡಲು. ಮೂರು ಸಲ ಬಂದ ಗೀರುಳ್ಳ ‘ಎ’ ಬೇರೇನೂ ಅಲ್ಲ, ನಮ್ಮ ತಲೆಕಟ್ಟು! ಸಂಸ್ಥೆಗೊಂದು ಪದ್ಧತಿ ಇದ್ದುದರಿಂದ ಒಬ್ಬರ ಫಾಂಟಿನಲ್ಲಿ ಬರೆದುದನ್ನು ಇನ್ನೊಬ್ಬರ ಫಾಂಟಿನಲ್ಲಿ ಓದುವುದೂ ಅಸಾಧ್ಯವಾಗಿತ್ತು. ಒಂದೇ ಭಾಷೆ, ಒಂದೇ ಲಿಪಿ. ಆದರೂ ಒಂದು ಕಚೇರಿಯ ಕನ್ನಡ ಮತ್ತೊಂದು ಕಚೇರಿಗೆ ಅನ್ಯಭಾಷೆಯಾಗಿ ತೋರುವಂತಾಯಿತು.

ಈ ಗೊಂದಲವನ್ನು ಕೊನೆಗಾಣಿಸಿದ್ದು ಯೂನಿಕೋಡ್ ಎಂಬ ಜಾಗತಿಕ ಒಪ್ಪಂದ. 1991ರಲ್ಲಿ ಪ್ರಕಟವಾದ ಇದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಪ್ರತ್ಯೇಕ ಸ್ಥಾನ ದೊರೆಯಿತು. 3200ರಿಂದ 3327ರವರೆಗಿನ 128 ಸಂಖ್ಯೆಗಳು ಕನ್ನಡದ ಸ್ವಂತ ಬೀದಿ. ಅಲ್ಲಿ ಬೇರೆ ಭಾಷೆಯ ಬಾಡಿಗೆದಾರರಿಲ್ಲ. ಇದರಲ್ಲಿ ಅಕ್ಷರದ ತುಂಡುಗಳಿಗೆ ಬದಲಾಗಿ ವರ್ಣಗಳಿಗೇ ಸಂಖ್ಯೆಯಿದೆ. ‘ಕನ್ನಡ’ ಎಂಬುದು ಈಗ ಐದು ಸಂಖ್ಯೆಗಳ ಸಾಲು: 3221, 3240, 3277, 3240, 3233. ಅಂದರೆ ಕ, ನ, ವಿರಾಮಚಿಹ್ನೆ, ನ, ಡ. ಇಲ್ಲಿ ವಿರಾಮವೆಂದರೆ ವ್ಯಂಜನದಿಂದ ಅಕಾರವನ್ನು ಕಳೆಯುವ ಗುರುತು. ವ್ಯಾಕರಣದಲ್ಲಿ ವಿದ್ಯಾರ್ಥಿಗಳು ಪದವನ್ನು ಬಿಡಿಸುವ ಕ್ರಮಕ್ಕೆ ಇದು ಬಹು ಹತ್ತಿರವಾಗಿದೆ.

ಆದರೆ ಸಂಖ್ಯೆಗಳ ಸಾಲಿನಿಂದ ಸುಂದರವಾದ ಅಕ್ಷರ ತಾನಾಗಿಯೇ ಮೂಡದು. ‘ನ, ವಿರಾಮ, ನ’ ಎಂಬುದನ್ನು ಕಂಡೊಡನೆ ಎರಡನೆಯ ನಕಾರವನ್ನು ಒತ್ತಾಗಿಸಿ ಕೆಳಗೆ ಇಳಿಸಬೇಕು. ‘ಕರ್ನಾಟಕ’ ಎಂಬಲ್ಲಿ ರಕಾರವು ಉಚ್ಚಾರದಲ್ಲಿ ಮೊದಲು ಬಂದರೂ ಬರವಣಿಗೆಯಲ್ಲಿ ಅರ್ಕಾವತ್ತಾಗಿ ‘ನಾ’ ಅಕ್ಷರದ ಅನಂತರ ಬರಬೇಕು. ಈ ಜೋಡಣೆಯ ಕೆಲಸಕ್ಕೆ ಯಂತ್ರದೊಳಗೆ ಬೇರೊಂದು ಕಾರ್ಯಕ್ರಮ ಬೇಕು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವನ ಕೆಲಸವನ್ನು ಇದು ಮಾಡುತ್ತದೆ. ಹೀಗೆ ಪುಟವೊಂದು ಸರಿಯಾಗಿ ಕಾಣಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು: ಸಂಕೇತವನ್ನು ಸರಿಯಾಗಿ ಗುರುತಿಸುವುದು, ಕನ್ನಡದ ಫಾಂಟ್ ಇರುವುದು, ಅಕ್ಷರಗಳನ್ನು ಜೋಡಿಸುವ ಕಾರ್ಯಕ್ರಮ ಇರುವುದು.

ವೈದ್ಯನು ನಾಡಿ ಹಿಡಿದು ರೋಗವನ್ನು ತಿಳಿಯುವಂತೆ, ಪರದೆಯ ಮೇಲೆ ಕಾಣುವ ಲಕ್ಷಣದಿಂದಲೇ ಈ ಮೂರರಲ್ಲಿ ಯಾವುದು ತಪ್ಪಿದೆಯೆಂದು ಹೇಳಬಹುದು.

ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಫಾಂಟ್ ಇಲ್ಲವೆಂದು ಅರ್ಥ. ಸಂಖ್ಯೆಗಳು ಕ್ಷೇಮವಾಗಿ ಬಂದು ತಲಪಿವೆ. ಅವುಗಳಿಗೆ ತೊಡಿಸುವ ರೂಪ ಮಾತ್ರ ಇಲ್ಲ. ವಿಂಡೋಸ್ 98ರಲ್ಲಿ ಕನ್ನಡದ ಯೂನಿಕೋಡ್ ಫಾಂಟ್ ಇರಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡದ ಫಾಂಟ್ ಸೇರಿತು. ಉಚಿತವಾಗಿ ದೊರೆಯುವ ಯೂನಿಕೋಡ್ ಫಾಂಟೊಂದನ್ನು ಸ್ಥಾಪಿಸಿದರೆ ಚೌಕಗಳು ಮಾಯವಾಗುತ್ತವೆ.

ಅಕ್ಷರಗಳು ಕಂಡರೂ ಒತ್ತುಗಳು ಕೆಳಗಿಳಿಯದೆ ಸಾಲಿನಲ್ಲಿಯೇ ನಿಂತಿದ್ದರೆ, ಗುಣಿತದ ಚಿಹ್ನೆಗಳು ಬೇರೆಯಾಗಿ ತೇಲುತ್ತಿದ್ದರೆ, ಜೋಡಣೆಯ ಕಾರ್ಯಕ್ರಮ ಎಚ್ಚರವಾಗಿಲ್ಲವೆಂದು ತಿಳಿಯಬೇಕು. ವಿಂಡೋಸ್ ಎಕ್ಸ್‌ಪಿಯಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಪ್ರಾದೇಶಿಕ ಭಾಷೆಗಳ ವಿಭಾಗಕ್ಕೆ ಹೋಗಿ ಸಂಕೀರ್ಣ ಲಿಪಿಗಳ ಬೆಂಬಲವನ್ನು ಬೇರೆಯಾಗಿ ಆರಿಸಿಕೊಳ್ಳಬೇಕಾಗಿತ್ತು. ಮುಂದಿನ ಆವೃತ್ತಿಯಾದ ವಿಸ್ಟಾದಿಂದ ಈಚೆಗೆ ಇದರ ಅಗತ್ಯ ಬೀಳಲಿಲ್ಲ.

ಗೀರುಳ್ಳ ಸಣ್ಣ ‘ಎ’ ಮತ್ತು ಅದರ ಪಕ್ಕದಲ್ಲಿ ವರ್ಗದ ಚಿಹ್ನೆಯಂತಹ ಪುಟ್ಟ 2 ಅಥವಾ ಘನದ ಚಿಹ್ನೆಯಂತಹ ಪುಟ್ಟ 3 ಮತ್ತೆಮತ್ತೆ ಬರುತ್ತಿದ್ದರೆ ದೋಷ ಸಂಕೇತದ ಆಯ್ಕೆಯಲ್ಲಿದೆ. ಯೂನಿಕೋಡನ್ನು ಸಾಗಿಸುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟುಗಳಿರುತ್ತವೆ. ಮೊದಲನೆಯದು ಯಾವಾಗಲೂ 224. ಎರಡನೆಯದು 178 ಅಥವಾ 179. ಯಂತ್ರವು ಇವನ್ನು ಯುರೋಪಿನ ಅಕ್ಷರಗಳೆಂದು ಭ್ರಮಿಸಿದಾಗ ಈ ವಿಚಿತ್ರ ಸಾಲು ಹುಟ್ಟುತ್ತದೆ. ಹಳೆಯ ಬ್ರೌಸರುಗಳಲ್ಲಿ ‘ವ್ಯೂ’ ಎಂಬ ಪಟ್ಟಿಯೊಳಗೆ ‘ಎನ್‌ಕೋಡಿಂಗ್’ ಎಂಬುದನ್ನು ತೆರೆದು ಯುಟಿಎಫ್-8 ಆರಿಸಿದರೆ ಪುಟವು ಕ್ಷಣದಲ್ಲಿ ಕನ್ನಡವಾಗುತ್ತದೆ. ಇದಕ್ಕೆ ಬದಲಾಗಿ ಗೀರುಳ್ಳ ದೊಡ್ಡ ‘ಎ’ ಮತ್ತು ಪೌಂಡಿನ ಚಿಹ್ನೆಗಳು ತುಂಬಿದ್ದರೆ ಅದು ಹಳೆಯ ಫಾಂಟಿನ ಬರಹ. ಅದಕ್ಕೆ ಆ ಫಾಂಟೇ ಬೇಕು, ಅಥವಾ ಯೂನಿಕೋಡಿಗೆ ಬದಲಿಸುವ ಪರಿವರ್ತಕ ಬೇಕು.

ಎಲ್ಲಕ್ಕಿಂತ ದುಃಖದ ಲಕ್ಷಣವೆಂದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು. ಕನ್ನಡವು ಸಾಗುವ ದಾರಿಯಲ್ಲಿ ಎಲ್ಲಿಯೋ 256 ಸ್ಥಾನಗಳ ಹಳೆಯ ಕಾರ್ಯಕ್ರಮವೊಂದು ಅದನ್ನು ಹಿಡಿಯಲಾರದೆ, ಪ್ರತಿ ಸಂಕೇತದ ಜಾಗದಲ್ಲಿಯೂ ಪ್ರಶ್ನಾರ್ಥಕವನ್ನು ಬರೆದುಬಿಟ್ಟಿರುತ್ತದೆ. ಮೂಲ ಸಂಖ್ಯೆಗಳೇ ಅಳಿದುಹೋಗಿರುವುದರಿಂದ ಯಾವ ಫಾಂಟೂ ಅದನ್ನು ಮರಳಿ ತರಲಾರದು. ಬರೆದವರಿಂದ ಮೂಲಪ್ರತಿಯನ್ನು ಮತ್ತೆ ತರಿಸಿಕೊಳ್ಳುವುದೊಂದೇ ಉಪಾಯ.

ಕೆಲವೊಮ್ಮೆ ಪುಟವು ತೆರೆಯುವುದೇ ಇಲ್ಲ. ಸುರಕ್ಷತೆಯ ಎಚ್ಚರಿಕೆ ಮಾತ್ರ ಕಾಣುತ್ತದೆ. ಆಗ ಮೊದಲು ಪರದೆಯ ಮೂಲೆಯಲ್ಲಿರುವ ದಿನಾಂಕವನ್ನು ನೋಡಬೇಕು. ಯಂತ್ರ ಆರಿರುವಾಗಲೂ ಗಡಿಯಾರವನ್ನು ನಡೆಸಲು ಒಳಗೆ 3 ವೋಲ್ಟಿನ, ನಾಣ್ಯದಂತಹ ಪುಟ್ಟ ಬ್ಯಾಟರಿಯೊಂದಿರುತ್ತದೆ. ಅದು ಬರಿದಾದರೆ ಗಡಿಯಾರವು ಎಷ್ಟೋ ವರ್ಷ ಹಿಂದಕ್ಕೆ ಜಿಗಿಯುತ್ತದೆ. ಜಾಲತಾಣಗಳು ತೋರಿಸುವ ಪ್ರಮಾಣಪತ್ರಕ್ಕೆ ಬಸ್ಸಿನ ಪಾಸಿನಂತೆ ಅವಧಿಯುಂಟು. ಯಂತ್ರದ ಲೆಕ್ಕದಲ್ಲಿ ಆ ಅವಧಿ ಇನ್ನೂ ಆರಂಭವೇ ಆಗಿರುವುದಿಲ್ಲವಾದ್ದರಿಂದ ಬ್ರೌಸರು ಬಾಗಿಲು ಮುಚ್ಚುತ್ತದೆ. ಬೆಂಗಳೂರಿನ ಎಸ್. ಪಿ. ರಸ್ತೆಯಂತಹ ಕಡೆಗಳಲ್ಲಿ ಅಲ್ಪ ಬೆಲೆಗೆ ಸಿಗುವ ಈ ಬ್ಯಾಟರಿಯನ್ನು ಬದಲಿಸಿ ದಿನಾಂಕವನ್ನು ತಿದ್ದಿದರೆ ತೊಂದರೆ ನೀಗುತ್ತದೆ.

ದಿನಾಂಕ ಸರಿಯಿದ್ದೂ ಪುಟ ತೆರೆಯದಿದ್ದರೆ ಯಂತ್ರದ ತಿಳಿವಳಿಕೆಯೇ ಹಳತಾಗಿರಬಹುದು. 2021ರ ಸೆಪ್ಟೆಂಬರ್ 30ರಂದು, ಅಸಂಖ್ಯ ಜಾಲತಾಣಗಳು ನೆಚ್ಚಿಕೊಂಡಿದ್ದ ಮೂಲ ಪ್ರಮಾಣಪತ್ರವೊಂದರ ಅವಧಿ ಮುಗಿದಾಗ ಜಗತ್ತಿನಾದ್ಯಂತ ಹಳೆಯ ಯಂತ್ರಗಳಲ್ಲಿ ಅನೇಕ ಪುಟಗಳು ತೆರೆಯದಾದವು. 2020ರ ಸುಮಾರಿಗೆ ಪ್ರಮುಖ ಬ್ರೌಸರುಗಳು ಹಳೆಯ ಸುರಕ್ಷತಾ ನಿಯಮಾವಳಿಗಳನ್ನು ಕೈಬಿಟ್ಟವು. ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರ ಏಪ್ರಿಲ್ 8ರಂದೇ ನಿಂತಿದೆ. ಇಂತಹ ಯಂತ್ರಕ್ಕೆ ಲಿನಕ್ಸ್ ಆಧಾರಿತವಾದ, ಉಚಿತವೂ ಹಗುರವೂ ಆದ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸಿ ಹೊಸ ಜೀವ ಕೊಡಬಹುದು. ಬೆಂಬಲ ನಿಂತ ವ್ಯವಸ್ಥೆಯಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಮಾತ್ರ ಎಂದಿಗೂ ಕ್ಷೇಮಕರವಲ್ಲ.

ಪುಟವೆಲ್ಲ ಹಳದಿಯಾಗಿ ಕಂಡರೆ ದೋಷ ಅಕ್ಷರದಲ್ಲಿಯೂ ಇಲ್ಲ, ಜಾಲದಲ್ಲಿಯೂ ಇಲ್ಲ. ಹಳೆಯ ಪರದೆಗೆ ಬರುವ ತಂತಿಯಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಬೇರೆಬೇರೆ ಸೂಜಿಗಳಿವೆ. ನೀಲಿಯ ಸಂಪರ್ಕ ತಪ್ಪಿದರೆ ಬಿಳಿಯು ಹಳದಿಯಾಗುತ್ತದೆ. ತಂತಿಯನ್ನು ಬಿಗಿಯಾಗಿ ಕೂರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಇಲ್ಲಿ ಗಮನಿಸಬೇಕಾದುದು ಪರಿಹಾರಗಳ ಪಟ್ಟಿಯನ್ನಷ್ಟೇ ಅಲ್ಲ, ಹುಡುಕುವ ಕ್ರಮವನ್ನೂ ಸಹ. ದೋಷ ಒಂದೇ ಪುಟದಲ್ಲಿದೆಯೇ, ಎಲ್ಲ ಪುಟಗಳಲ್ಲಿಯೂ ಇದೆಯೇ? ಅದೇ ಪುಟ ಬೇರೆ ಯಂತ್ರದಲ್ಲಿ ಸರಿಯಾಗಿ ಕಾಣುವುದೇ? ಈ ಎರಡು ಪ್ರಶ್ನೆಗಳಿಂದಲೇ ದೋಷವು ಪುಟದಲ್ಲಿದೆಯೋ ಮನೆಯ ಯಂತ್ರದಲ್ಲಿದೆಯೋ ಎಂಬುದು ತಿಳಿಯುತ್ತದೆ. ಅನಂತರ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ಫಲವನ್ನು ನೋಡಬೇಕು. ಹಲವನ್ನು ಒಟ್ಟಿಗೆ ಬದಲಿಸಿದವನಿಗೆ ದೋಷ ಹೋದರೂ ಅದರ ಕಾರಣ ತಿಳಿಯುವುದಿಲ್ಲ. ಪ್ರಯೋಗಶಾಲೆಯಲ್ಲಿ ವಿಜ್ಞಾನಿ ಅನುಸರಿಸುವ ಮಾರ್ಗವೂ ಇದೇ.

ಹಳೆಯ ಫಾಂಟುಗಳಲ್ಲಿ ಬರೆದಿಟ್ಟ ಕಥೆ, ಪತ್ರ, ದಾಖಲೆಗಳು ಇಂದಿಗೂ ಅನೇಕ ಮನೆಗಳ, ಕಚೇರಿಗಳ ಯಂತ್ರಗಳಲ್ಲಿ ಉಳಿದಿವೆ. ಆ ಫಾಂಟುಗಳನ್ನು ಬಲ್ಲವರೂ ಪರಿವರ್ತಕಗಳೂ ಇರುವಾಗಲೇ ಅವುಗಳನ್ನು ಯೂನಿಕೋಡಿಗೆ ಬದಲಿಸಿಕೊಳ್ಳದಿದ್ದರೆ ಮುಂದೊಂದು ದಿನ ಅವು ಅರ್ಥವಾಗದ ಗುರುತುಗಳ ರಾಶಿಯಾಗಿ ಉಳಿದಾವು. ಕಲ್ಲಿನ ಮೇಲೆ ಕೊರೆದ ಕನ್ನಡವು ಸಾವಿರದೈನೂರು ವರ್ಷಗಳಷ್ಟು ಕಾಲ ಉಳಿದು ಬಂದಿದೆ. ಇಪ್ಪತ್ತೈದು ವರ್ಷಗಳ ಹಿಂದೆ ಗಣಕದಲ್ಲಿ ಬರೆದ ಕನ್ನಡವನ್ನು ಉಳಿಸಿಕೊಳ್ಳುವ ಹೊಣೆ ಇಂದಿನವರ ಮೇಲಿದೆ. ಭಾಷೆಯ ಬಾಳಿಕೆ ಬರೆದವರನ್ನು ಮಾತ್ರ ಅವಲಂಬಿಸಿಲ್ಲ. ಬರೆದುದು ಎಲ್ಲರಿಗೂ ಓದಲು ದೊರೆಯುವಂತೆ ನೋಡಿಕೊಳ್ಳುವವರನ್ನೂ ಅದು ಅವಲಂಬಿಸಿದೆ.