ಕವಿಯ ಅಂಗಡಿ

ಕವಿಗೂ ಕಿರ್ದಿಖಾತೆಗೂ ಎಣ್ಣೆ ಸೀಗೆಕಾಯಿಯ ಸಂಬಂಧವೆಂಬ ನಂಬಿಕೆ ನಮ್ಮಲ್ಲಿ ಬಹಳ ಹಿಂದಿನಿಂದ ಬೇರೂರಿದೆ. ಕವಿಯಾದವನು ಲೋಕವ್ಯವಹಾರವನ್ನು ಅರಿಯದವನು, ಅರಿತರೆ ಅಷ್ಟರಮಟ್ಟಿಗೆ ಅವನ ಕವಿತ್ವಕ್ಕೇ ಕುಂದು ಎಂದು ತಿಳಿದವರೂ ಉಂಟು. ಅಂಥವರ ಮುಂದೆ ಇಂಗ್ಲೆಂಡಿನ ವಿಲಿಯಂ ಮಾರಿಸನ ಹೆಸರನ್ನು ಎತ್ತಬೇಕು. ಇಂಗ್ಲಿಷ್ ಸಾಹಿತ್ಯ ಚರಿತ್ರೆಯಲ್ಲಿ ‘ದಿ ಅರ್ತ್ಲಿ ಪ್ಯಾರಡೈಸ್’ ಎಂಬ ದೀರ್ಘಕಾವ್ಯದ ಕರ್ತೃವೆಂದು ಅವನಿಗೆ ಒಂದೆರಡು ಪುಟ ಸಲ್ಲುತ್ತದೆ. ನಮ್ಮ ವಿದ್ಯಾರ್ಥಿಗಳು ಅವನನ್ನು ಅರಿತಿರುವುದೂ ಅಷ್ಟೇ. ಆದರೆ ಆ ಕಾವ್ಯದ ಸಾವಿರಾರು ಸಾಲುಗಳನ್ನು ಬರೆಯುತ್ತಿದ್ದ ದಿನಗಳಲ್ಲಿ ಅವನು ವಾಸವಾಗಿದ್ದುದು ಲಂಡನ್ನಿನ ಒಂದು ಅಂಗಡಿಯ ಮೇಲಟ್ಟದಲ್ಲಿ. ಕೆಳಗಿನ ಅಂಗಡಿಯೂ ಅವನದೇ. ಇತರರ ಮನೆಗಳ ಒಳಾಂಗಣಕ್ಕೆ ರೂಪ ಕೊಡುವುದು, ಗೋಡೆಗೆ ಕಾಗದ, ಕಿಟಕಿಗೆ ಗಾಜು, ಕುಳಿತುಕೊಳ್ಳಲು ಕುರ್ಚಿ ಒದಗಿಸುವುದು ಅಲ್ಲಿಯ ಕಸುಬು. 1861ರಿಂದ 1896ರಲ್ಲಿ ಸಾಯುವವರೆಗೆ ಮೂವತ್ತೈದು ವರ್ಷ ಅವನು ಅದನ್ನು ಬಿಡದೆ ನಡೆಸಿದನು. ಈ ಅಂಗಡಿಯ ಕಥೆ ಅವನ ಕಾವ್ಯಕ್ಕಿಂತ ನನಗೆ ಹೆಚ್ಚು ರುಚಿಸಿದೆ ಎಂದರೆ ಸಾಹಿತ್ಯದ ಅಧ್ಯಾಪಕನ ಬಾಯಲ್ಲಿ ಅದು ಅಪಚಾರವೆನಿಸೀತು. ಆದರೂ ಮಾತು ನಿಜ.

ಮಾರಿಸ್ ಹುಟ್ಟಿದ್ದು 1834ರಲ್ಲಿ, ಉಳ್ಳವರ ಮನೆಯಲ್ಲಿ. ತಂದೆ ಲಂಡನ್ನಿನ ಹುಂಡಿ ದಲ್ಲಾಳಿ. ಡೆವನ್ ಪ್ರಾಂತದ ಒಂದು ತಾಮ್ರದ ಗಣಿಯಲ್ಲಿ ಅವನು ತೊಡಗಿಸಿದ್ದ ಹಣ ಹಲವು ಮಡಿಯಾಗಿ ಫಲಿಸಿತು. ಇಪ್ಪತ್ತೊಂದು ತುಂಬಿದಾಗ ಮಗನಿಗೆ ವರ್ಷಕ್ಕೆ ಸುಮಾರು 900 ಪೌಂಡು ಬರುತ್ತಿತ್ತು. ಆಗಿನ ಕಾಲಕ್ಕೆ ಇದು ಕೈಕೆಸರು ಮಾಡಿಕೊಳ್ಳದೆ ಜೀವಮಾನವೆಲ್ಲ ಕಳೆಯಬಹುದಾದ ವರಮಾನ. ಆಕ್ಸ್‌ಫರ್ಡಿನಲ್ಲಿ ಓದಿ, ಪಾದ್ರಿಯಾಗಬೇಕೆಂದು ಮೊದಲು ಬಯಸಿ, ಅದನ್ನು ಬಿಟ್ಟು 1856ರಲ್ಲಿ ಸ್ಟ್ರೀಟ್ ಎಂಬ ವಾಸ್ತುಶಿಲ್ಪಿಯ ಬಳಿ ಕೆಲಸ ಕಲಿಯಲು ಸೇರಿದನು. ಅಲ್ಲಿ ವರ್ಷ ತುಂಬುವವರೆಗೂ ನಿಲ್ಲಲಿಲ್ಲ. ಆದರೆ ಅಲ್ಲಿಯೇ ಅವನಿಗೆ ಫಿಲಿಪ್ ವೆಬ್ಬನ ಸ್ನೇಹ ದೊರೆಯಿತು.

ಅಂಗಡಿಯ ಬೀಜ ಬಿದ್ದುದು ಒಂದು ಬಾಡಿಗೆ ಮನೆಯ ಕೋಣೆಗಳಲ್ಲಿ. ಮಾರಿಸನೂ ಅವನ ಗೆಳೆಯ, ಚಿತ್ರಕಾರ ಬರ್ನ್-ಜೋನ್ಸನೂ ಲಂಡನ್ನಿನ ರೆಡ್ ಲಯನ್ ಸ್ಕ್ವೇರಿನಲ್ಲಿ ಬಿಡಾರ ಹೂಡಿದರು. ಕೋಣೆ ಸಿಕ್ಕಿತು, ಅದರಲ್ಲಿಡಲು ಮೇಜು ಕುರ್ಚಿ ಸಿಕ್ಕಲಿಲ್ಲ. ಅಂಗಡಿಗಳಲ್ಲಿ ಇರಲಿಲ್ಲವೆಂದಲ್ಲ. ಯಂತ್ರದಿಂದ ರಾಶಿರಾಶಿಯಾಗಿ ಹೊರಬಂದು, ಮೇಲೆ ಮೆರುಗೆಣ್ಣೆ ಬಳಿಸಿಕೊಂಡು, ಅರಮನೆಯ ಸಾಮಾನಿನ ಅಣಕದಂತೆ ಕಾಣುತ್ತಿದ್ದ ಆ ವಸ್ತುಗಳ ನಡುವೆ ಬದುಕುವುದು ಅವರಿಗೆ ಒಗ್ಗಲಿಲ್ಲ. ಮಾರಿಸ್ ತಾನೇ ಚಿತ್ರ ಬರೆದು ನೆರೆಯ ಬಡಗಿಯಿಂದ ಮಾಡಿಸಿದನು. ಬಂದ ಪೀಠ ಎಷ್ಟು ದೊಡ್ಡದೆಂದರೆ ಮೆಟ್ಟಿಲು ಓಣಿಗಳೆಲ್ಲ ಮರದಿಂದಲೇ ತುಂಬಿಹೋದುವಂತೆ. ರೊಸೆಟ್ಟಿ ಎಂಬ ಇನ್ನೊಬ್ಬ ಕವಿ-ಚಿತ್ರಕಾರ ಬಂದು ನಕ್ಕನು. ನಕ್ಕು, ಕುಂಚ ಹಿಡಿದು ಅದರ ಮೇಲೆ ಚಿತ್ರ ಬರೆಯಲು ಕುಳಿತನು.

1859ರಲ್ಲಿ ಮದುವೆಯಾದ ಮೇಲೆ ಮಾರಿಸನಿಗೆ ಸ್ವಂತ ಮನೆ ಬೇಕಾಯಿತು. ಲಂಡನ್ನಿನಿಂದ ಹತ್ತು ಹನ್ನೆರಡು ಮೈಲಿ ದೂರದ ಒಂದು ಹಣ್ಣಿನ ತೋಟದಲ್ಲಿ ವೆಬ್ಬನು ಅದನ್ನು ಕಟ್ಟಿದನು. ಸಾಧ್ಯವಾದಷ್ಟು ಮರಗಳನ್ನು ಉಳಿಸಿಕೊಂಡೇ ಕಟ್ಟಿದನು. ಗೋಡೆಯ ಇಟ್ಟಿಗೆಗೆ ಗಾರೆ ಬಳಿದು ಕಲ್ಲೆಂದು ತೋರಿಸುವುದು ಆಗಿನ ರೂಢಿ. ಇಲ್ಲಿ ಇಟ್ಟಿಗೆ ಇಟ್ಟಿಗೆಯಾಗಿಯೇ ಉಳಿಯಿತು. ಜನ ಅದನ್ನು ‘ರೆಡ್ ಹೌಸ್’, ಕೆಂಪು ಮನೆ, ಎಂದು ಕರೆದರು. ಒಳಗಿನ ಕೆಲಸಕ್ಕೆ ಸ್ನೇಹಿತರೆಲ್ಲ ಕೈಹಾಕಿದರು. ಶನಿವಾರ ಬಂದವರು ಒಬ್ಬ ಗೋಡೆಗೆ, ಒಬ್ಬ ಚಾವಣಿಗೆ ಬಣ್ಣ ಹಚ್ಚಿದರು. ಹೆಂಡತಿ ಜೇನ್ ನೀಲಿ ಉಣ್ಣೆಯ ಬಟ್ಟೆಯ ಮೇಲೆ ಹೂಗಳ ಕಸೂತಿ ಹಾಕಿದಳು. ಈ ಸಂಭ್ರಮದ ನಡುವೆ ಯಾರಿಗೋ ಹೊಳೆಯಿತು: ನಮ್ಮ ಮನೆಗೆ ಮಾಡಿಕೊಂಡದ್ದನ್ನು ಊರವರ ಮನೆಗೂ ಏಕೆ ಮಾಡಬಾರದು?

ಹೀಗೆ 1861ರ ಏಪ್ರಿಲಿನಲ್ಲಿ ‘ಮಾರಿಸ್, ಮಾರ್ಷಲ್, ಫಾಕ್ನರ್ ಅಂಡ್ ಕಂಪನಿ’ ಹುಟ್ಟಿತು. ಪಾಲುದಾರರು ಏಳು ಮಂದಿ. ಮಾರಿಸ್, ರೊಸೆಟ್ಟಿ, ಬರ್ನ್-ಜೋನ್ಸ್, ವೆಬ್ ಅಲ್ಲದೆ ಫೋರ್ಡ್ ಮ್ಯಾಡಕ್ಸ್ ಬ್ರೌನ್ ಎಂಬ ಚಿತ್ರಕಾರ, ಮಾರ್ಷಲ್ ಎಂಬ ಸರ್ವೆಯರು, ಫಾಕ್ನರ್ ಎಂಬ ಆಕ್ಸ್‌ಫರ್ಡಿನ ಗಣಿತದ ಉಪಾಧ್ಯಾಯ. ತಲೆಗೆ ಒಂದೊಂದು ಪೌಂಡಿನಂತೆ ಏಳು ಪೌಂಡು. ಮಾರಿಸನ ತಾಯಿ ಕೊಟ್ಟ ನೂರು ಪೌಂಡು ಸಾಲ: ಇದು ಮೂಲಧನ. ಮಾತು ಮಾತ್ರ ಬಂಡವಾಳವನ್ನು ಮೀರಿತ್ತು. ಗೋಡೆಯ ಚಿತ್ರದಿಂದ ಹಿಡಿದು ಮರಗೆತ್ತನೆ, ಗಾಜು, ಲೋಹ, ಕಸೂತಿಯವರೆಗೆ ಎಲ್ಲವನ್ನೂ ಮಾಡಿಕೊಡುತ್ತೇವೆಂದು ಕರಪತ್ರ ಹೊರಟಿತು. ಮರುವರ್ಷ ಲಂಡನ್ನಿನ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಇವರ ಬಣ್ಣದ ಗಾಜನ್ನು ಕಂಡ ಪ್ರತಿಸ್ಪರ್ಧಿಗಳು, ಇದು ಹಳೆಯ ಇಗರ್ಜಿಯ ಗಾಜಿಗೆ ತೇಪೆ ಹಾಕಿದ್ದು ಎಂದು ದೂರಿಕೊಂಡರಂತೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಪದಕ ಬೇಕೆ?

ಆದರೆ ಹೊಗಳಿಕೆಯಿಂದ ಬಾಡಿಗೆ ತೀರುವುದಿಲ್ಲ. ಗಣಿತಜ್ಞನೊಬ್ಬ ಪಾಲುದಾರನಾಗಿದ್ದೂ ಲೆಕ್ಕ ಕೂಡಿಬರಲಿಲ್ಲ. ಅವನು 1864ರ ಹೊತ್ತಿಗೆ ತನ್ನ ಕಾಲೇಜಿಗೆ ಮರಳಿದನು. ಗಣಿಯ ವರಮಾನ ಇಳಿಮುಖವಾಯಿತು. ಮನೆಗೂ ಅಂಗಡಿಗೂ ದಿನವೂ ಓಡಾಡಿ ಮಾರಿಸ್ ಸಂಧಿವಾತದ ಜ್ವರದಿಂದ ಮಲಗಿದನು. 1865ರಲ್ಲಿ ಅಂಗಡಿ ಕ್ವೀನ್ ಸ್ಕ್ವೇರಿಗೆ ಬಂದಿತು. ಸಂಸಾರವೂ ಅದರ ಮೇಲಟ್ಟಕ್ಕೇ ಬಂದಿತು. ಕೆಂಪು ಮನೆ ಮಾರಾಟವಾಯಿತು. ಮತ್ತೆಂದೂ ಅವನು ಆ ಕಡೆ ಹೋಗಿ ಅದನ್ನು ನೋಡಲಿಲ್ಲವೆಂದು ಹೇಳುತ್ತಾರೆ. ಮನೆಯನ್ನು ಚೆನ್ನಾಗಿ ಮಾಡಿಕೊಳ್ಳುವ ಆಸೆಯಿಂದ ಹುಟ್ಟಿದ ಅಂಗಡಿ ಐದೇ ವರ್ಷದಲ್ಲಿ ಆ ಮನೆಯನ್ನೇ ನುಂಗಿತು.

ಅಂಗಡಿ ಉಳಿದುದು ವಾರಿಂಗ್ಟನ್ ಟೇಲರ್ ಎಂಬ ಮನುಷ್ಯನಿಂದ. ಸಾಹಿತ್ಯ ಚರಿತ್ರೆಕಾರರು ಅವನ ಹೆಸರನ್ನು ಹೇಳುವುದು ವಿರಳ. ಒಳ್ಳೆಯ ಶಾಲೆಯಲ್ಲಿ ಕಲಿತು, ಆಸ್ತಿ ಕಳೆದುಕೊಂಡು, ನಾಟಕಶಾಲೆಯ ಬಾಗಿಲಲ್ಲಿ ಟಿಕೆಟ್ಟು ನೋಡುವ ಕೆಲಸದಲ್ಲಿದ್ದವನು, ಕ್ಷಯರೋಗಿ. 1865ರಲ್ಲಿ ವ್ಯವಸ್ಥಾಪಕನಾಗಿ ಬಂದವನು ಖಾತೆಗಳನ್ನು ಬಿಡಿಸಿ ನೋಡಿ ದಿಗ್ಭ್ರಾಂತನಾದನು. ಯಾವ ಕೆಲಸಕ್ಕೆ ಎಷ್ಟು ಖರ್ಚು ಬಿದ್ದಿತೆಂಬುದೇ ಯಾರಿಗೂ ತಿಳಿಯದು. ಒಂದನ್ನು ಹಿಡಿದು ಮುಗಿಸುವುದಕ್ಕೆ ಮೊದಲೇ ಇನ್ನೊಂದಕ್ಕೆ ಕೈ. ರೋಗ ಉಲ್ಬಣಿಸಿ ಸಮುದ್ರತೀರಕ್ಕೆ ಹೋದ ಮೇಲೂ ಅವನು ಅಲ್ಲಿಂದಲೇ ಪತ್ರದ ಮೇಲೆ ಪತ್ರ ಬರೆದು, ಮಾರಿಸನ ಹೆಂಡದ ಖರ್ಚು, ಪುಸ್ತಕದ ಖರ್ಚುಗಳನ್ನೂ ಬಿಡದೆ ಎತ್ತಿಯಾಡಿದನು. ಸೇಂಟ್ ಜೇಮ್ಸ್ ಅರಮನೆಯ ಎರಡು ಕೋಣೆಗಳು, ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಮ್ಮಿನ ಹಸುರು ಭೋಜನಶಾಲೆ ಮೊದಲಾದ ದೊಡ್ಡ ಕೆಲಸಗಳು ಬಂದುದು ಅವನ ಕಾಲದಲ್ಲಿಯೇ. 1870ರಲ್ಲಿ ಟೇಲರ್ ತೀರಿಕೊಂಡನು. ಆ ವೇಳೆಗೆ ಕಂಪನಿ ತನ್ನ ಕಾಲ ಮೇಲೆ ನಿಲ್ಲುವುದನ್ನು ಕಲಿತಿತ್ತು. ಅದೇ ವರ್ಷ ‘ದಿ ಅರ್ತ್ಲಿ ಪ್ಯಾರಡೈಸ್’ ಕೂಡ ಮುಗಿಯಿತು. ಆ ಕಾವ್ಯದ ಋಣದಲ್ಲಿ ಒಂದು ಪಾಲನ್ನು ಈ ಗೊಣಗುವ ಗುಮಾಸ್ತನಿಗೆ ಸಲ್ಲಿಸಬೇಕೆಂದು ನನ್ನ ಅಭಿಪ್ರಾಯ.

ಗೋಡೆಕಾಗದದ ವಿಷಯವನ್ನು ಇಲ್ಲಿ ಹೇಳಬೇಕು, ಏಕೆಂದರೆ ಮಾರಿಸನ ಹೆಸರು ಮನೆಮನೆಗೆ ಹೋದುದು ಅದರ ಮೂಲಕ. ಮೊದಲು ತಾನೇ ಅಚ್ಚು ಹಾಕಲು ಹೋಗಿ ಸೋತು, ಬಳಿಕ ಅದನ್ನು ಜೆಫ್ರಿ ಕಂಪನಿಯ ನುರಿತ ಕೈಗಳಿಗೆ ಒಪ್ಪಿಸಿದನು. ಪ್ರತಿ ಬಣ್ಣಕ್ಕೂ ಒಂದೊಂದು ಮರದ ಅಚ್ಚು. ಪ್ರತಿ ಅಚ್ಚನ್ನೂ ಕೈಯಿಂದಲೇ ಒತ್ತಬೇಕು. ಬೇಲಿಯ ಗುಲಾಬಿ, ಹುಲ್ಲಿನ ನಡುವಿನ ಪುಟ್ಟ ಹೂ, ನದಿಯ ದಡದ ವಿಲೋ ಮರದ ಎಲೆ, ಇವು ಅವನ ವಸ್ತು. ಆದರೆ ಈ ಹಸುರಿನಲ್ಲಿ ಒಂದು ಕರಿಯ ಕಥೆ ಅಡಗಿದೆ. ಆಗಿನ ಹಸುರು ಬಣ್ಣಗಳಲ್ಲಿ ಪಾಷಾಣ ಬೆರೆಯುತ್ತಿತ್ತು. 2003ರಲ್ಲಿ ವಿಜ್ಞಾನಿಯೊಬ್ಬರು ಮಾರಿಸನ ಮೊದಲ ಕಾಗದಗಳಲ್ಲೊಂದರ ಚೂರನ್ನು ಪರೀಕ್ಷಿಸಿದಾಗ ಅದರ ಹಸುರಿನಲ್ಲಿ ಪಾಷಾಣ ಇರುವುದು ಸ್ಪಷ್ಟವಾಯಿತು. ಅವನ ಕುಟುಂಬಕ್ಕೆ ಹಣ ತಂದ ತಾಮ್ರದ ಗಣಿಯೇ ಮುಂದೆ ಜಗತ್ತಿನ ಅತಿ ದೊಡ್ಡ ಪಾಷಾಣದ ಉತ್ಪಾದಕರಲ್ಲಿ ಒಂದಾಯಿತು. ಗೋಡೆಯ ವಿಷದ ಬಗ್ಗೆ ವೈದ್ಯರು ಎಚ್ಚರಿಸಿದಾಗ ಮಾರಿಸ್ ಅದನ್ನು ಮಾಟಮಂತ್ರದ ಭೀತಿಗೆ ಹೋಲಿಸಿ ತಳ್ಳಿಹಾಕಿದನು. ಕಾಲಕ್ರಮದಲ್ಲಿ ಕಾಗದದಿಂದ ಪಾಷಾಣ ಹೋಯಿತು, ಗಿರಾಕಿಗಳ ಅಂಜಿಕೆಯಿಂದ. ಅವನ ಭಕ್ತರು ಈ ಪ್ರಸಂಗವನ್ನು ಮೆಲ್ಲನೆ ದಾಟಿಬಿಡುತ್ತಾರೆ, ದಾಟಬಾರದು.

ಆ ಗಣಿಯ ನಿರ್ದೇಶಕ ಮಂಡಲಿಯಲ್ಲಿ ಅವನು ನಾಲ್ಕು ವರ್ಷ ಇದ್ದನು. 1875ರಲ್ಲಿ ಅದನ್ನು ಬಿಟ್ಟು ಬಂದ ದಿನ, ಸಭೆಗಳಿಗೆಂದು ಇಟ್ಟುಕೊಂಡಿದ್ದ ಎತ್ತರದ ರೇಷ್ಮೆ ಟೋಪಿಯ ಮೇಲೆ ಬೇಕೆಂದೇ ಕುಳಿತುಕೊಂಡನೆಂದು ಪ್ರತೀತಿ.

ಅದೇ ವರ್ಷ ಕಂಪನಿಯೂ ಒಡೆಯಿತು. ಗಣಿಯ ಹಣ ಬತ್ತಿದ ಮೇಲೆ ಮಾರಿಸನಿಗೆ ಅಂಗಡಿಯೇ ಅನ್ನ. ದುಡಿಮೆ ಮುಖ್ಯವಾಗಿ ಅವನದು. ಕಾಗದದ ಮೇಲೆ ಪಾಲು ಏಳೂ ಮಂದಿಯದು. ಬರ್ನ್-ಜೋನ್ಸ್, ವೆಬ್, ಫಾಕ್ನರ್ ಏನನ್ನೂ ಕೇಳದೆ ಬಿಟ್ಟುಕೊಟ್ಟರು. ಬ್ರೌನ್, ರೊಸೆಟ್ಟಿ, ಮಾರ್ಷಲ್ ಮೂವರೂ ಹಟ ಹಿಡಿದರು. ಒಬ್ಬೊಬ್ಬರಿಗೆ ಸಾವಿರ ಪೌಂಡಿನಂತೆ ಕೊಟ್ಟು ಮಾರಿಸ್ ಬಿಡಿಸಿಕೊಳ್ಳಬೇಕಾಯಿತು. ಒಂದು ಪೌಂಡು ಹಾಕಿದವರು ಸಾವಿರ ಪಡೆದರೆಂದು ಲೆಕ್ಕ ಹಾಕುವುದು ಸುಲಭ. ಮೊದಲ ದಿನಗಳಲ್ಲಿ ಅವರ ಹೆಸರೂ ಕುಂಚವೂ ತಂದ ಲಾಭವನ್ನು ಅಳೆಯುವುದು ಕಷ್ಟ. ಕಾನೂನು ಅವರ ಕಡೆಯೇ ಇತ್ತು. ಬ್ರೌನನೊಡನೆ ಹತ್ತು ವರ್ಷ ಮಾತು ನಿಂತಿತು. ಹಲಗೆಯ ಮೇಲೆ ‘ಮಾರಿಸ್ ಅಂಡ್ ಕಂಪನಿ’ ಎಂದಷ್ಟೇ ಉಳಿಯಿತು.

ಇನ್ನು ಮೇಲೆ ಬರುವುದು ಅವನ ಬಾಳಿನ ಅತ್ಯುತ್ತಮ ಅಧ್ಯಾಯ. ಬಟ್ಟೆಗೆ ಅಚ್ಚು ಹಾಕಬೇಕೆಂದು ಹೊರಟಾಗ ಬಣ್ಣ ಅಡ್ಡ ಬಂದಿತು. 1856ರಿಂದೀಚೆಗೆ ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ಹೊಸ ಬಣ್ಣಗಳು ಪೇಟೆಯನ್ನು ಆಕ್ರಮಿಸಿದ್ದುವು. ಅವು ಕಣ್ಣಿಗೆ ಚುಚ್ಚುವುವು, ಬಿಸಿಲಿಗೆ ಕೆಟ್ಟದಾಗಿ ಮಾಸುವುವು. ಹಳೆಯ ಬೇರು ತೊಗಟೆಗಳ ಬಣ್ಣಗಾರಿಕೆಯನ್ನು ಬಲ್ಲವರು ಅಪರೂಪವಾಗಿದ್ದರು. ಲೀಕ್ ಎಂಬ ಊರಿನಲ್ಲಿ ಥಾಮಸ್ ವಾರ್ಡಲ್ ಎಂಬ ಬಣ್ಣಗಾರನಿದ್ದನು. ನಮ್ಮ ದೇಶದ ಟಸರ್ ರೇಷ್ಮೆಗೆ ಬಣ್ಣ ಹಿಡಿಸುವ ವಿದ್ಯೆಯಲ್ಲಿ ಹೆಸರಾದವನು ಇವನೇ. ನಲವತ್ತು ದಾಟಿದ, ಕವಿಯೆಂದು ಪ್ರಸಿದ್ಧನಾದ ಮಾರಿಸ್ ಅಲ್ಲಿಗೆ ಹೋಗಿ, ಮರದ ಮೆಟ್ಟು ಹಾಕಿಕೊಂಡು, ತೋಳನ್ನು ಮೊಣಕೈವರೆಗೆ ನೀಲಿಯ ಬಾನಿಯಲ್ಲಿ ಅದ್ದಿ ಶಿಷ್ಯವೃತ್ತಿ ಮಾಡಿದನು. ಲಂಡನ್ನಿನ ಗೆಳೆಯರ ಮನೆಗೆ ನೀಲಿ ಕೈಗಳಿಂದಲೇ ಊಟಕ್ಕೆ ಬರುತ್ತಿದ್ದನು. ಕವಿ ಎಂದು ಕರೆಸಿಕೊಂಡವರಲ್ಲಿ ಎಷ್ಟು ಮಂದಿಯ ಕೈಗೆ ಇಂಥ ಕಲೆ ಅಂಟಿದೆ?

1881ರಲ್ಲಿ ಲಂಡನ್ನಿನ ಹೊರವಲಯದ ಮರ್ಟನ್ ಅಬೆಯಲ್ಲಿ, ವಾಂಡಲ್ ನದಿಯ ದಡದ ಏಳು ಎಕರೆ ಜಾಗವನ್ನು ಕಂಪನಿ ಹಿಡಿಯಿತು. ನದಿಯ ನೀರು ಬಣ್ಣಕ್ಕೆ ಹೇಳಿ ಮಾಡಿಸಿದ್ದು. ಮಗ್ಗ, ರತ್ನಗಂಬಳಿ, ಗಾಜು, ಬಟ್ಟೆಯ ಅಚ್ಚು ಎಲ್ಲವೂ ಒಂದೇ ಕಡೆ ಸೇರಿದುವು. ಬಟ್ಟೆಯನ್ನು ಇಡಿಯಾಗಿ ನೀಲಿಯಲ್ಲಿ ಅದ್ದಿ, ಬೇಕಾದ ಕಡೆ ಮಾತ್ರ ಅಚ್ಚಿನಿಂದ ನೀಲಿಯನ್ನು ತೆಗೆದು, ಆ ಬಿಳುಪಿನಲ್ಲಿ ಮಂಜಿಷ್ಠದ ಕೆಂಪನ್ನೂ ವೆಲ್ಡ್ ಗಿಡದ ಹಳದಿಯನ್ನೂ ತುಂಬುವ ವಿಧಾನ ಅವನಿಗೆ ಕೈವಶವಾಯಿತು. ತನ್ನ ಹಳ್ಳಿಮನೆಯ ತೋಟದಲ್ಲಿ ಹಣ್ಣು ಕದಿಯುವ ಹಕ್ಕಿಗಳನ್ನು ಚಿತ್ರಿಸಿದ 1883ರ ‘ಸ್ಟ್ರಾಬೆರಿ ಥೀಫ್’ ಈ ವಿಧಾನದ ಫಲ. ಅದಕ್ಕೆ ದಿನಗಟ್ಟಲೆ ಕೆಲಸ ಹಿಡಿಯುತ್ತಿತ್ತು. ಬೆಲೆಯೂ ಹಾಗೆಯೇ ಇತ್ತು.

ಇಲ್ಲಿಯೇ ಮಾರಿಸನ ಸಂಕಟ ಮೊದಲಾಗುವುದು. ಒಳ್ಳೆಯ ಕೆಲಸಕ್ಕೆ ಹೊತ್ತು ಬೇಕು; ಹೊತ್ತಿಗೆ ಕೂಲಿ ಬೇಕು; ಆ ಕೂಲಿಯನ್ನು ತೆರಬಲ್ಲವನು ಶ್ರೀಮಂತ. ಜೊಂಡಿನ ಪೀಠದ ಸಸೆಕ್ಸ್ ಕುರ್ಚಿಯಂಥ ಅಗ್ಗದ ಸರಕೂ ಇತ್ತೆನ್ನಿ. ಆದರೆ ಇಡೀ ಮನೆಯನ್ನು ಅವನಿಂದ ಅಲಂಕರಿಸಿಕೊಂಡವರು ಉಕ್ಕಿನ ಒಡೆಯರು, ಶ್ರೀಮಂತ ವಕೀಲರು, ಜಮೀನುದಾರರು. ಲೋಥಿಯನ್ ಬೆಲ್ ಎಂಬ ಉಕ್ಕಿನ ಉದ್ಯಮಿಯ ಮನೆಯಲ್ಲಿ ಕೆಲಸದ ಮೇಲಿದ್ದಾಗ ಮಾರಿಸ್ ತನ್ನಷ್ಟಕ್ಕೆ ಗೊಣಗುತ್ತ ಶತಪಥ ಹಾಕುತ್ತಿದ್ದನಂತೆ. ಏನೆಂದು ಕೇಳಿದ ಯಜಮಾನನಿಗೆ, ಹಣವಂತರ ಹಂದಿಭೋಗಕ್ಕೆ ಊಳಿಗ ಮಾಡುವುದರಲ್ಲೇ ತನ್ನ ಬಾಳು ಸವೆಯುತ್ತಿದೆಯೆಂದು ಮುಖದ ಮೇಲೆ ಹೇಳಿಬಿಟ್ಟನಂತೆ. ಗಿರಾಕಿಗೆ ಹೀಗೆ ಹೇಳುವ ಅಂಗಡಿಕಾರನನ್ನು ಎಲ್ಲಿ ಹುಡುಕೋಣ!

ಮಾತಿಗೆ ತಕ್ಕ ನಡತೆಯೂ ಇತ್ತು, ಅರ್ಧದಷ್ಟು. 1877ರಲ್ಲಿ ಪುರಾತನ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ ಮೇಲೆ, ಜೀರ್ಣೋದ್ಧಾರದ ಹೆಸರಿನಲ್ಲಿ ಕೆಡಿಸುತ್ತಿದ್ದ ಹಳೆಯ ಇಗರ್ಜಿಗಳಿಗೆ ಹೊಸ ಗಾಜು ಕೂಡಿಸುವುದಿಲ್ಲವೆಂದು ಕಂಪನಿ ಸಾರಿತು. ಇಗರ್ಜಿಯ ಗಾಜೇ ಅದರ ಮೊದಲ ಅನ್ನವೆಂಬುದನ್ನು ನೆನೆದರೆ ಈ ತ್ಯಾಗದ ತೂಕ ತಿಳಿದೀತು. 1883ರಲ್ಲಿ ಅವನು ಸಮಾಜವಾದಿಗಳ ಸಂಘ ಸೇರಿ ಬೀದಿಯ ಮೂಲೆಗಳಲ್ಲಿ ಭಾಷಣ ಮಾಡತೊಡಗಿದನು. ಆದರೆ ಮರ್ಟನ್ನಿನಲ್ಲಿ ಲಾಭದ ಪಾಲು ದೊರೆತುದು ಕೆಲವು ಮುಖ್ಯರಿಗೆ ಮಾತ್ರ, ಉಳಿದವರದು ಕೂಲಿಯೇ. ಏಕೆ ಹೀಗೆಂದು ಕೇಳಿದವರಿಗೆ, ತನ್ನ ಪಾಲನ್ನೆಲ್ಲ ಹಂಚಿದರೂ ಒಬ್ಬೊಬ್ಬನಿಗೆ ದೊರೆಯುವುದು ಅಲ್ಪ, ಅದರಿಂದ ಲೋಕದ ವ್ಯವಸ್ಥೆ ಬದಲಾಗದು ಎಂದು ಅವನು ಲೆಕ್ಕ ಹಾಕಿ ತೋರಿಸಿದನು. ಲೆಕ್ಕ ಸರಿಯೇ ಇರಬಹುದು. ಟೇಲರನಿಂದ ಲೆಕ್ಕ ಕಲಿತವನಲ್ಲವೆ! ಆದರೂ ಆ ಉತ್ತರವನ್ನು ಓದುವಾಗ ಅವನಿಗೇ ಅದು ಸಮಾಧಾನ ತಂದಿರಲಾರದೆಂದು ನನಗೆ ತೋರುತ್ತದೆ.

ಅವನ ಕೊನೆಯ ವರ್ಷಗಳ ಮುದ್ರಣಾಲಯದ ಕಥೆ ಬೇರೆಯೇ ಒಂದು ಲೇಖನಕ್ಕೆ ವಿಷಯ. ಅಲ್ಲಿಯ ಒಂದು ಕೈಯಚ್ಚಿನ ಯಂತ್ರ ಮುಂದೆ ಆನಂದ ಕುಮಾರಸ್ವಾಮಿಯವರ ಕೈಸೇರಿ, ಸಿಂಹಳದ ಕಲೆಯನ್ನು ಕುರಿತ 1908ರ ಅವರ ಹೆಬ್ಬೊತ್ತಿಗೆ ಅದರಲ್ಲಿಯೇ ಅಚ್ಚಾಯಿತೆಂಬುದನ್ನು ಮಾತ್ರ ಇಲ್ಲಿ ಹೇಳಿದರೆ ಸಾಕು. ಅಂಗಡಿಯನ್ನು ಮಾರಿಸನ ಅನಂತರ ನಡೆಸಿದವರು ಅದರೊಳಗೇ ಬೆಳೆದವರು. ಕಸೂತಿಯ ವಿಭಾಗವನ್ನು 1885ರಿಂದ ಮಗಳು ಮೇ ನೋಡಿಕೊಂಡಿದ್ದಳು. ಅಂಗಡಿಯಲ್ಲಿ ಸಾಮಾನು ತೋರಿಸುವ ಹುಡುಗನಾಗಿ ಸೇರಿದ್ದ ಡೀರ್ಲ್ ಎಂಬುವನು ಮುಖ್ಯ ಚಿತ್ರಗಾರನಾದನು. ಕಾಲದ ಅಭಿರುಚಿ ಬದಲಾಯಿತು, ಎರಡು ಮಹಾಯುದ್ಧಗಳು ಬಂದುವು. 1940ರಲ್ಲಿ ಕಂಪನಿ ಬಾಗಿಲು ಹಾಕಿತು. ಗೋಡೆಕಾಗದದ ಅಚ್ಚುಗಳು ಸ್ಯಾಂಡರ್ಸನ್ ಕಂಪನಿಯ ವಶವಾದುವು. ಹಣ್ಣು ಕದಿಯುವ ಆ ಹಕ್ಕಿಗಳು ಇಂದು ಕೈಚೀಲ, ಬಟ್ಟಲು, ದಿನಚರಿಯ ಹೊದಿಕೆಗಳ ಮೇಲೆಲ್ಲ ಯಂತ್ರದಿಂದಲೇ ಅಚ್ಚಾಗಿ, ಅಗ್ಗವಾಗಿ ಮಾರಾಟವಾಗುತ್ತಿವೆ.

ಕೆಂಪು ಮನೆ 2003ರಲ್ಲಿ ಇಂಗ್ಲೆಂಡಿನ ನ್ಯಾಷನಲ್ ಟ್ರಸ್ಟಿನ ಪಾಲನೆಗೆ ಬಂದಿತು. ಹತ್ತು ವರ್ಷದ ತರುವಾಯ, ಮಾರಿಸನ ಮಲಗುವ ಕೋಣೆಯ ಗೋಡೆಗೆ ಹೊಂದಿಸಿದ್ದ ದೊಡ್ಡ ಬೀರುವಿನ ಹಿಂದೆ, ಮೇಲೆ ಬಳಿದಿದ್ದ ಬಣ್ಣದ ಪದರಗಳನ್ನು ಬಿಡಿಸಿದಾಗ, ನೇಯ್ದ ತೆರೆಯಂತೆ ಕಾಣುವ ಒಂದು ಚಿತ್ರ ಹೊರಬಿದ್ದಿತು. ಆದಮ, ಈವ, ನೋಹ ಮೊದಲಾದವರು ಸಾಲಾಗಿ ನಿಂತಿದ್ದಾರೆ. ಒಬ್ಬೊಬ್ಬರನ್ನು ಒಬ್ಬೊಬ್ಬ ಗೆಳೆಯ ಬರೆದಿರಬೇಕೆಂದು ಬಲ್ಲವರು ಊಹಿಸುತ್ತಾರೆ.