ನಿಧಾನವಾಗಿ ಕರಗುವ ಮಾತ್ರೆ: ಬಂಡವಾಳ ಹೂಡುವ ಮುನ್ನ

ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಆಸುಪಾಸಿನ ಔಷಧ ಅಂಗಡಿಗಳಲ್ಲಿ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಎರಡು ಬಗೆಯಲ್ಲಿ ದೊರೆಯುತ್ತದೆ. ಸಾಮಾನ್ಯ ಮಾತ್ರೆಯನ್ನು ದಿನಕ್ಕೆ ಎರಡು ಮೂರು ಬಾರಿ ಸೇವಿಸಬೇಕು, ಹೆಸರಿನೊಡನೆ ‘ಎಸ್.ಆರ್.’ ಎಂದಿರುವುದು ಸಾಮಾನ್ಯವಾಗಿ ಒಮ್ಮೆ ಸಾಕು. ಔಷಧ ಒಂದೇ, ವ್ಯತ್ಯಾಸವಿರುವುದು ಪಾಲಿಮರ್‌ನಲ್ಲಿ. ಎಚ್.ಪಿ.ಎಂ.ಸಿ. ಎಂಬ ಸೆಲ್ಯುಲೋಸ್ ಮೂಲದ ಪಾಲಿಮರ್ ಜಠರದ ನೀರನ್ನು ಹೀರಿ ಲೋಳೆಯಂತೆ ಉಬ್ಬುತ್ತದೆ. ಆ ಪದರದ ಮೂಲಕ ಔಷಧವು ಗಂಟೆಗಟ್ಟಲೆ ಸ್ವಲ್ಪಸ್ವಲ್ಪವಾಗಿ ಹೊರಬರುತ್ತದೆ.

‘ಇರುವ ಯಂತ್ರದಲ್ಲೇ ಈ ಪುಡಿಯನ್ನು ಬೆರೆಸಿದರಾಯಿತಲ್ಲವೆ?’ ಎಂದು ಕೆ.ಆರ್. ಪುರ, ಮಹದೇವಪುರ ಭಾಗದ ಸಣ್ಣ ತಯಾರಕರು ಕೇಳಬಹುದು. ಇಲ್ಲಿಯೇ ಎಚ್ಚರಿಕೆ ಅಗತ್ಯ. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಅನುಮೋದಿತ ಔಷಧದ ನಿಧಾನ ಬಿಡುಗಡೆಯ ರೂಪವೂ ‘ಹೊಸ ಔಷಧ’ವೇ. ಸಾಮಾನ್ಯ ರಾಸಾಯನಿಕ ಔಷಧಕ್ಕೆ ಈ ಹಣೆಪಟ್ಟಿ 4 ವರ್ಷಗಳಿಗೆ ಮುಗಿದರೆ, ಇದಕ್ಕೆ ಎಂದೆಂದಿಗೂ ಉಳಿಯುತ್ತದೆ. ಆದುದರಿಂದ ರಾಜ್ಯದ ಪರವಾನಗಿಯೊಂದೇ ಸಾಲದು. ಕೇಂದ್ರ ಪ್ರಾಧಿಕಾರದ ಅನುಮತಿಯೂ ಬೇಕು. ಅದಕ್ಕೆ ತಗಲುವ ಪರೀಕ್ಷೆಗಳ ವೆಚ್ಚ ಮತ್ತು ಕಾಲಾವಧಿಯನ್ನು ಯೋಜನಾ ವರದಿಯಲ್ಲಿ ಮೊದಲೇ ಸೇರಿಸತಕ್ಕದ್ದು.

ತೆರಿಗೆಯ ಲೆಕ್ಕವೂ ಉಂಟು. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಗಳ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿಯಿತು, ಪಾಲಿಮರ್ ಮೇಲೆ ಶೇ. 18 ಉಳಿಯಿತು. ಖರೀದಿಯಲ್ಲಿ ತೆತ್ತ ತೆರಿಗೆ ಹೀಗೆ ಜಮೆಯಾಗುತ್ತ ಹೋದರೆ ದುಡಿಯುವ ಬಂಡವಾಳ ಸಿಲುಕಿಕೊಳ್ಳುತ್ತದೆ. ಮರುಪಾವತಿಯ ಅರ್ಜಿಯನ್ನು ಸಕಾಲದಲ್ಲಿ ಸಲ್ಲಿಸಬೇಕು.

ಮಾರಾಟಗಾರ ಮಿತ್ರರಲ್ಲಿಯೂ ಒಂದು ವಿನಂತಿ: ಇಂಥ ಮಾತ್ರೆಯನ್ನು ಪುಡಿಮಾಡಿ ನುಂಗಬಾರದೆಂದು ಗ್ರಾಹಕರಿಗೆ ತಿಳಿಸಿರಿ. ದಿನವಿಡೀ ಸಲ್ಲಬೇಕಾದ ಔಷಧ ಒಮ್ಮೆಲೇ ದೇಹ ಸೇರುವುದು ಅಪಾಯಕಾರಿ.